ಗೋಡೆ ಬೇಕು ಎಂದು ಕೇಳಿದವರು ಬ್ಯಾಪ್ಟಿಸ್ಟರೇ

ಟೆಕ್ಸಸ್‌ನಲ್ಲಿ 2025ರಲ್ಲಿ ಒಂದು ಕಾಯ್ದೆ ಬಂತು. ಸರ್ಕಾರಿ ಶಾಲೆಯ ಪ್ರತಿ ತರಗತಿಯಲ್ಲೂ ಬೈಬಲ್‌ನ ಹತ್ತು ಆಜ್ಞೆಗಳ ಪೋಸ್ಟರ್ ಹಾಕಬೇಕು. ಅಳತೆಯನ್ನೂ ಕಾಯ್ದೆಯೇ ಹೇಳುತ್ತದೆ: ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರ, ಯಾವ ಮೂಲೆಯಲ್ಲಿ ಕೂತರೂ ಓದಲು ಬರುವಷ್ಟು ದಪ್ಪ ಅಕ್ಷರ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಕಡೆ ಕನ್ನಡದ ಮನೆಗಳು ಸಾಕಷ್ಟಿವೆ. ಬೆಳಿಗ್ಗೆ ಗಣಪತಿಗೆ ಕೈ ಮುಗಿದು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟ ಮಗು, ತರಗತಿಯಲ್ಲಿ ತಲೆ ಎತ್ತಿದರೆ ಕಾಣುವುದು "ನನ್ನ ಹೊರತು ನಿನಗೆ ಬೇರೆ ದೇವರು ಇರಬಾರದು, ನೀನು ವಿಗ್ರಹ ಮಾಡಿಕೊಳ್ಳಬಾರದು" ಎಂಬ ಸಾಲು.

ಅಮೆರಿಕದ ಸಂಪ್ರದಾಯಸ್ಥ ಕ್ರೈಸ್ತರು ಮೊದಲಿನಿಂದಲೂ ಹೀಗೇ ಇದ್ದರು ಅಂತ ನಮ್ಮಲ್ಲಿ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗೇನೂ ಇರಲಿಲ್ಲ. ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಗೋಡೆ ಇರಲಿ ಎಂದು ಗೋಗರೆದವರಲ್ಲಿ ಮುಂದಿದ್ದವರೇ ಬ್ಯಾಪ್ಟಿಸ್ಟರು, ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡದವರು.

ಯಾಕೆಂದರೆ ಏಟು ತಿಂದವರು ಅವರು. ವರ್ಜೀನಿಯಾದಲ್ಲಿ ಆಗ ಆಂಗ್ಲಿಕನ್ ಚರ್ಚೇ ಸರ್ಕಾರಿ ಚರ್ಚ್. ಪರವಾನಗಿ ಇಲ್ಲದೆ ಬೋಧನೆ ಮಾಡಿದ ಬ್ಯಾಪ್ಟಿಸ್ಟ್ ಬೋಧಕರನ್ನು ಹಿಡಿದು ಜೈಲಿಗೆ ಹಾಕುತ್ತಿದ್ದರು. ಕಲ್ಪೆಪರ್ ಊರಿನ ಜೈಲಿನಲ್ಲಿದ್ದ ಜೇಮ್ಸ್ ಐರ್ಲೆಂಡ್ ಎಂಬಾತ ಕಿಟಕಿ ಕಂಬಿಯ ಆಚೆ ನಿಂತ ಜನಕ್ಕೆ ಒಳಗಿನಿಂದಲೇ ಬೋಧನೆ ಮಾಡಿದ. ಪಕ್ಕದ ಸೀಮೆಯಲ್ಲಿ ಐದಾರು ಜನ ಒಳ್ಳೆಯವರು ತಮ್ಮ ನಂಬಿಕೆಯನ್ನು ಹೇಳಿಕೊಂಡದ್ದಕ್ಕೆ ಜೈಲಿನಲ್ಲಿದ್ದಾರೆ ಎಂದು 1774ರಲ್ಲಿ ಸಂಕಟಪಟ್ಟು ಗೆಳೆಯನಿಗೆ ಪತ್ರ ಬರೆದ ಹುಡುಗನ ಹೆಸರು ಜೇಮ್ಸ್ ಮ್ಯಾಡಿಸನ್. ಮುಂದೆ ಸಂವಿಧಾನದ ಮೊದಲ ತಿದ್ದುಪಡಿಯ ಕರಡು ಹಿಡಿದುಕೊಂಡು ಬಂದವನೂ ಅವನೇ. 1791ರಲ್ಲಿ ಅದು ಜಾರಿಗೆ ಬಂತು. ಸಂಸತ್ತು ಯಾವ ಧರ್ಮವನ್ನೂ ಸರ್ಕಾರಿ ಧರ್ಮ ಮಾಡುವಂತಿಲ್ಲ, ಯಾರ ಆಚರಣೆಗೂ ಅಡ್ಡಿ ಮಾಡುವಂತಿಲ್ಲ.

ಆದರೆ ಅದು ಕೇಂದ್ರಕ್ಕೆ ಮಾತ್ರ ಅನ್ವಯಿಸುತ್ತಿತ್ತು, ರಾಜ್ಯಗಳಿಗೆ ಅಲ್ಲ. ಕನೆಕ್ಟಿಕಟ್‌ನಲ್ಲಿ ಕಾಂಗ್ರಿಗೇಷನಲ್ ಚರ್ಚಿಗೆ ಸರ್ಕಾರವೇ ತೆರಿಗೆ ಎತ್ತಿ ಕೊಡುತ್ತಿತ್ತು. ಬೇರೆ ಪಂಗಡದವರು ವಿನಾಯ್ತಿ ಬೇಕಾದರೆ ಸರ್ಟಿಫಿಕೇಟ್ ತಂದು ತೋರಿಸಬೇಕು. ಆಗ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು ಅಧ್ಯಕ್ಷ ಥಾಮಸ್ ಜೆಫರ್ಸನ್‌ಗೆ ಪತ್ರ ಬರೆದರು. ನಮಗೆ ಸಿಗುತ್ತಿರುವ ಧಾರ್ಮಿಕ ಸ್ವಾತಂತ್ರ್ಯ ಹಕ್ಕಿನ ಹಾಗೆ ಸಿಗುತ್ತಿಲ್ಲ, ಯಾರೋ ಕೃಪೆ ಮಾಡಿ ಕೊಟ್ಟ ಹಾಗೆ ಸಿಗುತ್ತಿದೆ ಅನ್ನುವುದು ಅವರ ನೋವು. 1802ರ ಜನವರಿ 1ರಂದು ಜೆಫರ್ಸನ್ ಬರೆದ ಉತ್ತರದಲ್ಲಿದೆ ಆ ಹೆಸರಾದ ಮಾತು, ಚರ್ಚ್ ಮತ್ತು ಸರ್ಕಾರದ ನಡುವೆ ಪ್ರತ್ಯೇಕತೆಯ ಗೋಡೆ.

ಅದೇ ದಿನ ಜೆಫರ್ಸನ್ ಮನೆ ಬಾಗಿಲಿಗೆ ಇನ್ನೊಂದು ಬಂತು. ಮ್ಯಾಸಚೂಸೆಟ್ಸ್‌ನ ಚೆಷೈರ್ ಎಂಬ ಊರಿನ ಬ್ಯಾಪ್ಟಿಸ್ಟ್ ರೈತರು ತಮ್ಮ ಹಸುಗಳ ಹಾಲು ಒಟ್ಟು ಹಾಕಿ ಮಾಡಿದ್ದ ಚೀಸ್‌ನ ದೊಡ್ಡ ಗಟ್ಟಿ. ತೂಕ 1,235 ಪೌಂಡ್, ಅಂದರೆ ಸುಮಾರು 560 ಕೆಜಿ. ಜಾನ್ ಲೀಲೆಂಡ್ ಎಂಬ ಬೋಧಕರು ಅದನ್ನು ಚಳಿಗಾಲದಲ್ಲಿ ಅಷ್ಟು ದೂರ ಸಾಗಿಸಿ ತಂದಿದ್ದರು. ನಮ್ಮ ಪರ ನಿಂತ ಅಧ್ಯಕ್ಷನಿಗೆ ನಮ್ಮ ಕೊಟ್ಟಿಗೆಯ ಕಾಣಿಕೆ ಅಂತ. ಇನ್ನೊಂದನ್ನೂ ಹೇಳಿಬಿಡಬೇಕು. ಎರಡು ದಿನ ಬಿಟ್ಟು ಭಾನುವಾರ ಸಂಸತ್ ಭವನದಲ್ಲೇ ಲೀಲೆಂಡ್ ಬೋಧನೆ ಮಾಡಿದರು, ಜೆಫರ್ಸನ್ ಹೋಗಿ ಕೂತು ಕೇಳಿದರು. ಗೋಡೆಯನ್ನು ಒಪ್ಪದವರು ಇವತ್ತಿಗೂ ಈ ಭಾನುವಾರವನ್ನೇ ಎತ್ತಿ ತೋರಿಸುತ್ತಾರೆ. ಅವರ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಅಲ್ಲಿ ಹೋಗಿ ಕೂತವರು ತಾವಾಗಿಯೇ ಹೋಗಿದ್ದ ದೊಡ್ಡವರು, ಹಾಜರಿ ಕಡ್ಡಾಯ ಇರುವ ಶಾಲಾ ಮಕ್ಕಳಲ್ಲ.

ಇನ್ನು ಡಾಲಸ್‌ನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿಗೆ ಬರೋಣ. ಒಂದೇ ಚರ್ಚಿನ ಒಂದೇ ವೇದಿಕೆಯನ್ನು ನೋಡಿದರೂ ನೂರು ವರ್ಷದ ಕಥೆ ಅರ್ಥವಾಗುತ್ತದೆ. 1920ರ ಮೇ ತಿಂಗಳಲ್ಲಿ ಅಲ್ಲಿನ ಪಾಸ್ಟರ್ ಜಾರ್ಜ್ ಟ್ರುಯೆಟ್ ವಾಷಿಂಗ್ಟನ್‌ಗೆ ಹೋಗಿ, ಸಂಸತ್ ಭವನದ ಮೆಟ್ಟಿಲ ಮೇಲೆ ನಿಂತು, ಸಾವಿರಾರು ಜನರ ಮುಂದೆ ಧರ್ಮವೂ ಸರ್ಕಾರವೂ ಬೇರೆ ಬೇರೆ ಇರಬೇಕು ಎಂದು ಸಾರಿದರು. ಅವರ ನಂತರ ಬಂದವರು ಡಬ್ಲ್ಯು.ಎ. ಕ್ರಿಸ್ವೆಲ್. 1960ರಲ್ಲಿ ಕ್ಯಾಥೋಲಿಕ್ ಆದ ಜಾನ್ ಕೆನಡಿ ಅಧ್ಯಕ್ಷ ಹುದ್ದೆಗೆ ನಿಂತಾಗ ಕ್ರಿಸ್ವೆಲ್ ಇದೇ ಗೋಡೆಯ ಹೆಸರು ಹೇಳಿ ವಿರೋಧಿಸಿದರು. ಆಗ ಎಷ್ಟೋ ಪ್ರೊಟೆಸ್ಟೆಂಟರಿಗೆ ಗೋಡೆಯ ಮೇಲಿದ್ದ ಪ್ರೀತಿಯಲ್ಲಿ ಪೋಪ್ ಮೇಲಿನ ಭಯವೂ ಸೇರಿತ್ತು, ಅದನ್ನು ಮುಚ್ಚಿಡಬಾರದು. ಕೆನಡಿ ಆ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್‌ಗೆ ಬಂದು ಪಾದ್ರಿಗಳ ಸಭೆಯಲ್ಲೇ, ಈ ಪ್ರತ್ಯೇಕತೆ ಸಂಪೂರ್ಣವಾಗಿರುವ ಅಮೆರಿಕವನ್ನು ನಾನು ನಂಬುತ್ತೇನೆ ಎಂದು ಮಾತು ಕೊಡಬೇಕಾಯಿತು.

ಅದೇ ಕ್ರಿಸ್ವೆಲ್ 1984ರಲ್ಲಿ ಟಿವಿಯಲ್ಲಿ ಹೇಳಿದ್ದು ಕೇಳಿ: ಈ ಪ್ರತ್ಯೇಕತೆ ಅನ್ನುವುದು ಯಾವನೋ ನಾಸ್ತಿಕನ ಕಲ್ಪನೆ! ಇಪ್ಪತ್ತನಾಲ್ಕು ವರ್ಷದಲ್ಲಿ ಆದದ್ದಾದರೂ ಏನು?

ಶಾಲೆಯ ಪ್ರಾರ್ಥನೆ ಅನ್ನುತ್ತಾರೆ. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ ಬರೆದುಕೊಟ್ಟಿದ್ದ 22 ಪದಗಳ ಪ್ರಾರ್ಥನೆಯನ್ನು 1962ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು, ಮರುವರ್ಷ ಶಾಲೆಗಳ ಬೈಬಲ್ ಪಠಣವೂ ನಿಂತಿತು. ಸಿಟ್ಟು ಬಂದದ್ದು ನಿಜ. ಆದರೆ ಆಗಲೂ ಸದರ್ನ್ ಬ್ಯಾಪ್ಟಿಸ್ಟರ ಮಹಾಸಭೆ, ಅಂದರೆ ಆ ಚರ್ಚುಗಳ ಒಕ್ಕೂಟ, 1964ರಲ್ಲಿ, ಮೊದಲ ತಿದ್ದುಪಡಿ ಇದ್ದ ಹಾಗೇ ಇರಲಿ ಎಂದು ನಿರ್ಣಯ ಮಾಡಿತು. ಗರ್ಭಪಾತ ಅನ್ನುತ್ತಾರೆ. ಅದೇ ಮಹಾಸಭೆ 1971ರಲ್ಲಿ, ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನು ಅವಕಾಶ ಕೊಡಲಿ ಎಂದಿತ್ತು. ಗರ್ಭಪಾತ ಹೆಂಗಸಿನ ಹಕ್ಕು ಎಂದು ಸುಪ್ರೀಂ ಕೋರ್ಟ್ 1973ರಲ್ಲಿ ಕೊಟ್ಟ ರೋ ತೀರ್ಪಿನ ವಿರುದ್ಧ ಮೊದಮೊದಲು ಬೀದಿಗಿಳಿದವರು ಹೆಚ್ಚಾಗಿ ಕ್ಯಾಥೋಲಿಕರು.

ನನಗೆ ಹೆಚ್ಚು ಒಪ್ಪಿಗೆಯಾಗುವ ಕಾರಣ ತೆರಿಗೆ. ಕರಿಯ, ಬಿಳಿಯ ಮಕ್ಕಳು ಒಟ್ಟಿಗೆ ಓದಬೇಕು ಎಂದು 1954ರಲ್ಲಿ ತೀರ್ಪು ಬಂದ ಮೇಲೆ ದಕ್ಷಿಣದ ಊರೂರಲ್ಲಿ ಬಿಳಿಯರಿಗಾಗಿಯೇ ಖಾಸಗಿ ಶಾಲೆಗಳು ಎದ್ದವು, ಎಷ್ಟೋ ಶಾಲೆಗಳು ಚರ್ಚಿನ ಹೆಸರಲ್ಲೇ. ಭೇದ ಮಾಡುವ ಶಾಲೆಗೆ ತೆರಿಗೆ ವಿನಾಯ್ತಿ ಕೊಡುವಂತಿಲ್ಲ ಎಂದು 1971ರಲ್ಲಿ ಕೋರ್ಟ್ ಹೇಳಿತು. 1976ರಲ್ಲಿ ಇಂಥದೇ ಭೇದದ ಕಾರಣಕ್ಕೆ ಬಾಬ್ ಜೋನ್ಸ್ ಎಂಬ ಕ್ರೈಸ್ತ ವಿಶ್ವವಿದ್ಯಾಲಯ ವಿನಾಯ್ತಿ ಕಳೆದುಕೊಂಡಿತು. 1978ರಲ್ಲಿ ತೆರಿಗೆ ಇಲಾಖೆ ಇನ್ನೂ ಬಿಗಿ ನಿಯಮ ತರಲು ಹೊರಟಾಗ ಒಂದು ಲಕ್ಷಕ್ಕೂ ಮೀರಿ ವಿರೋಧದ ಪತ್ರಗಳು ಬಂದು ಬಿದ್ದವು. ಸಂಪ್ರದಾಯಸ್ಥ ಕ್ರೈಸ್ತರನ್ನು ರಾಜಕೀಯಕ್ಕೆ ತಂದ ಚಳವಳಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಪಾಲ್ ವೇರಿಕ್ ಸ್ವತಃ, ಜನರನ್ನು ಎಬ್ಬಿಸಿದ್ದು ಇದೇ ಎಂದು ಮುಂದೆ ಹೇಳಿದರು. ಎಲ್ಲ ಇತಿಹಾಸಕಾರರೂ ಇದನ್ನು ಪೂರ್ತಿ ಒಪ್ಪುವುದಿಲ್ಲ. ಮಹಿಳಾ ಸಮಾನ ಹಕ್ಕಿನ ತಿದ್ದುಪಡಿ, ಸಲಿಂಗಿಗಳ ಹಕ್ಕು, ನಿಧಾನಕ್ಕೆ ಕಾವೇರಿದ ಗರ್ಭಪಾತದ ವಿಷಯ ಎಲ್ಲವೂ ಸೇರಿವೆ ಅನ್ನುತ್ತಾರೆ. ಇರಬಹುದು. ಆದರೆ ತಮ್ಮ ಶಾಲೆಯ ಬಾಗಿಲಿಗೇ ಸರ್ಕಾರ ಬಂತು ಎಂಬ ಭಯಕ್ಕೆ ಇದ್ದ ಬಿಸಿಯೇ ಬೇರೆ.

ಬ್ಯಾಪ್ಟಿಸ್ಟ್ ಬೋಧಕ ಜೆರ್ರಿ ಫಾಲ್ವೆಲ್ ಕೂಡ ಹೀಗೇ ತಿರುಗಿದವರು. ಕರಿಯರ ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ಮೆರವಣಿಗೆ ಹೊರಟದ್ದು 1965ರ ಮಾರ್ಚ್ 21. ಅದೇ ಭಾನುವಾರ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ ಫಾಲ್ವೆಲ್, ಬೋಧಕರ ಕೆಲಸ ರಾಜಕೀಯ ಅಲ್ಲ, ಆತ್ಮಗಳನ್ನು ಗೆಲ್ಲುವುದು ಎಂದು ಬೋಧಿಸಿದರು. 1979ರಲ್ಲಿ ಅವರೇ 'ಮಾರಲ್ ಮೆಜಾರಿಟಿ' ಸಂಘಟನೆ ಕಟ್ಟಿ ಚರ್ಚುಗಳಲ್ಲಿ ಮತದಾರರ ನೋಂದಣಿಗೆ ಇಳಿದರು. ಮರುವರ್ಷ ಡಾಲಸ್‌ನಲ್ಲಿ ಪಾದ್ರಿಗಳ ದೊಡ್ಡ ಸಭೆ. ಅಧ್ಯಕ್ಷ ಹುದ್ದೆಗೆ ನಿಂತಿದ್ದ ರೊನಾಲ್ಡ್ ರೇಗನ್ ಎದ್ದು ನಿಂತು, ನೀವು ನನಗೆ ಬೆಂಬಲ ಘೋಷಿಸುವಂತಿಲ್ಲ ಅಂತ ಗೊತ್ತು, ನಾನೇ ನಿಮಗೆ ಬೆಂಬಲ ಘೋಷಿಸುತ್ತೇನೆ ಎಂದರು. ಸಭೆ ಎದ್ದು ಚಪ್ಪಾಳೆ ತಟ್ಟಿತು. ಆ ಚುನಾವಣೆಯಲ್ಲಿ ರೇಗನ್ ಎದುರು ಸೋತವರು ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್, ಭಾನುವಾರದ ಬೈಬಲ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಬ್ಯಾಪ್ಟಿಸ್ಟ್.

ಆಮೇಲಿನದು ನಿಮಗೂ ಗೊತ್ತಿರುತ್ತದೆ. ಡಾಲಸ್‌ನ ಅದೇ ಚರ್ಚಿನ ಈಗಿನ ಪಾಸ್ಟರ್ ರಾಬರ್ಟ್ ಜೆಫ್ರೆಸ್, 2017ರಲ್ಲಿ ಟ್ರಂಪ್ ಪ್ರಮಾಣವಚನ ತೆಗೆದುಕೊಂಡ ಬೆಳಿಗ್ಗೆಯ ಪ್ರಾರ್ಥನಾ ಸಭೆಯಲ್ಲಿ ಬೋಧನೆ ಮಾಡಿದರು. 2022ರ ಜೂನ್ 21ರಿಂದ 27ರೊಳಗೆ ಸುಪ್ರೀಂ ಕೋರ್ಟ್ ಮೂರು ತೀರ್ಪು ಕೊಟ್ಟಿತು. ಧಾರ್ಮಿಕ ಶಾಲೆಗಳಿಗೂ ಸರ್ಕಾರದ ಶುಲ್ಕ ನೆರವು, ರೋ ತೀರ್ಪು ರದ್ದು, ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸಿದ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್‌ಗೆ ಗೆಲುವು. ಟೆಕ್ಸಸ್‌ನ ಪೋಸ್ಟರ್‌ಗೆ ಧೈರ್ಯ ಬಂದದ್ದು ಅಲ್ಲಿಂದ. ಇಂಥದೇ ಕಾಯ್ದೆಯನ್ನು ಕೆಂಟಕಿ ತಂದಿದ್ದಾಗ 1980ರಲ್ಲಿ ಇದೇ ಕೋರ್ಟ್ ಹೊಡೆದುಹಾಕಿತ್ತು.

ಟೆಕ್ಸಸ್ ಕಾಯ್ದೆಯ ವಿರುದ್ಧ ಕೋರ್ಟಿಗೆ ಹೋದ ಪೋಷಕರಲ್ಲಿ ಯಹೂದಿಗಳಿದ್ದಾರೆ, ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ, ಯಾವ ಧರ್ಮವನ್ನೂ ಪಾಲಿಸದವರಿದ್ದಾರೆ. ಆಜ್ಞೆಗಳ ಎಣಿಕೆಯೇ ಯಹೂದಿಗಳಿಗೆ ಬೇರೆ, ಕ್ಯಾಥೋಲಿಕರಿಗೆ ಬೇರೆ, ಪ್ರೊಟೆಸ್ಟೆಂಟರಿಗೆ ಬೇರೆ. ಯಾವ ಪಾಠ ಗೋಡೆಗೆ ಹೋಗಬೇಕು ಅಂತ ಶಾಸಕರು ತೀರ್ಮಾನ ಮಾಡಿದ್ದಾರೆ. ಇಂಥ ಪೋಸ್ಟರ್ ಬೇಡ ಎಂದು ವಾಷಿಂಗ್ಟನ್‌ನಿಂದ ವಾದಿಸುತ್ತಿರುವ ಸಂಸ್ಥೆಗಳಲ್ಲಿ ಒಂದು ಬ್ಯಾಪ್ಟಿಸ್ಟ್ ಜಾಯಿಂಟ್ ಕಮಿಟಿ. ಸದರ್ನ್ ಬ್ಯಾಪ್ಟಿಸ್ಟರ ಮಹಾಸಭೆ ಅದರ ನಂಟು ಕಡಿದುಕೊಂಡು, ಹಣ ನಿಲ್ಲಿಸಿ ಮೂವತ್ತು ವರ್ಷಕ್ಕೂ ಮೇಲಾಯಿತು. ಡ್ಯಾನ್‌ಬರಿಯವರ ಪತ್ರವನ್ನು ಈ ಕಮಿಟಿಯವರು ಇನ್ನೂ ಕೈಬಿಟ್ಟಿಲ್ಲ.