ತುಕ್ಕು ಹಿಡಿದ ನಟ್ಟಿನೊಳಕ್ಕೆ ಎಣ್ಣೆಯ ದಾರಿ

ಹಾರ್ಡ್‌ವೇರ್ ಅಂಗಡಿಯಲ್ಲಿ ‘ತುಕ್ಕು ಕರಗಿಸೋ ಎಣ್ಣೆ ಕೊಡಿ’ ಎಂದು ಕೇಳುವವರು ಬೇಕಾದಷ್ಟು ಜನ. ಅಂಗಡಿಯವರು ಸ್ಪ್ರೇ ಡಬ್ಬಿ ಎತ್ತಿ ಕೊಡುತ್ತಾರೆ. ಆದರೆ ಖನಿಜ ತೈಲ, ಸೀಮೆಎಣ್ಣೆ, ಡೀಸೆಲ್ ಯಾವುದೂ ತುಕ್ಕನ್ನು ಕರಗಿಸುವುದಿಲ್ಲ. ತುಕ್ಕು ಕಬ್ಬಿಣದ ಆಕ್ಸೈಡ್ ಮತ್ತು ಹೈಡ್ರಾಕ್ಸೈಡ್‌ಗಳ ಮಿಶ್ರಣ. ಅದು ಕರಗಬೇಕಾದರೆ ಆಮ್ಲ ಬೇಕು: ಫಾಸ್ಫಾರಿಕ್, ಸಿಟ್ರಿಕ್, ಏನೂ ಇಲ್ಲದಿದ್ದರೆ ಹುಣಸೆಹಣ್ಣಿನ ಟಾರ್ಟಾರಿಕ್. ಎಣ್ಣೆ ಮಾಡುವುದು ಎರಡೇ ಕೆಲಸ. ಸಂದಿಯೊಳಗೆ ನುಸುಳುತ್ತದೆ, ನುಸುಳಿದ ಕಡೆ ಲೋಹವನ್ನು ಜಾರಿಸುತ್ತದೆ.

ಇದು ಬರೀ ಮಾತಿನ ಪಟ್ಟಲ್ಲ. ‘ಕರಗುತ್ತದೆ’ ಎಂದು ನಂಬಿದವರು ಎಣ್ಣೆ ಸುರಿದು ಹತ್ತು ನಿಮಿಷಕ್ಕೆ ಸ್ಪ್ಯಾನರ್ ಹಾಕಿ ಜಗ್ಗುತ್ತಾರೆ. 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ 20 ಕಿಲೋ ಭಾರ ಬೀಳುವಂತೆ ಎಳೆದರೆ ಸುಮಾರು 50 ನ್ಯೂಟನ್-ಮೀಟರ್ ತಿರುಚುಬಲ ಬರುತ್ತದೆ. ಎಂ8, ಅಂದರೆ 8 ಮಿ.ಮೀ. ದಪ್ಪದ ಬೋಲ್ಟು 8.8 ದರ್ಜೆಯದಾದರೆ (ಇದು ಉಕ್ಕಿನ ಬಲದ ದರ್ಜೆ) ಅದನ್ನು ಬಿಗಿಯುವುದೇ 25 ನ್ಯೂಟನ್-ಮೀಟರಿನ ಆಸುಪಾಸಿನಲ್ಲಿ. ಹಾಗಾಗಿ ನಟ್ಟು ಬಿಚ್ಚುವ ಮೊದಲೇ ಬೋಲ್ಟಿನ ತಲೆ ಕೈಗೆ ಬರುತ್ತದೆ. ಆಮೇಲೆ ಡ್ರಿಲ್ಲು, ಥ್ರೆಡ್ ಕೊರೆಯುವ ಟ್ಯಾಪು, ಅರ್ಧ ದಿನ.

ಬಿಗಿ ಯಾಕಾಗುತ್ತದೆ? ಕಬ್ಬಿಣ ಆಕ್ಸೈಡ್ ಆದಾಗ ಅದರ ಗಾತ್ರ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚಾಗುತ್ತದೆ. ನೀರನ್ನೂ ಸೇರಿಸಿಕೊಂಡ ತುಕ್ಕು ಇನ್ನೂ ಉಬ್ಬುತ್ತದೆ. ತಗಡಿನ ಮೇಲಾದರೆ ಅದು ಹೊಪ್ಪಳೆ ಎದ್ದು ಉದುರುತ್ತದೆ. ಥ್ರೆಡ್ಡಿನ ಒಳಗೆ ಉಬ್ಬಲು ಜಾಗವಿಲ್ಲ, ಆದ್ದರಿಂದ ನಟ್ಟು ಬೋಲ್ಟುಗಳ ನಡುವೆ ತಾನೇ ಬೆಣೆಯಾಗಿ ಕೂರುತ್ತದೆ.

ಇನ್ನು ಎಣ್ಣೆ ಕ್ರಮಿಸಬೇಕಾದ ದಾರಿ. ಎಂ12 ಬೋಲ್ಟಿನ ಥ್ರೆಡ್ ಅಂತರ 1.75 ಮಿ.ಮೀ., ನಟ್ಟಿನ ದಪ್ಪ ಸುಮಾರು 10 ಮಿ.ಮೀ. ಅಂದರೆ ಒಳಗೆ ಐದೂಮುಕ್ಕಾಲು ಸುತ್ತು. ಈ ಸುರುಳಿಯನ್ನು ಬಿಚ್ಚಿ ನೇರ ಮಾಡಿದರೆ ಹತ್ತಿರ ಹತ್ತಿರ 20 ಸೆಂ.ಮೀ. ಹೊರಗಿನಿಂದ ಒಂದು ಸೆಂಟಿಮೀಟರಿನಂತೆ ಕಾಣುವ ನಟ್ಟಿನೊಳಗೆ ಒಂದು ಗೇಣು ಉದ್ದದ ಓಣಿ ಇದೆ! ಅದೂ ಎಲ್ಲ ಕಡೆ ತೆರೆದಿಲ್ಲ. ಬಿಗಿದ ನಟ್ಟಿನಲ್ಲಿ ಥ್ರೆಡ್ಡಿನ ಒಂದು ಮಗ್ಗುಲು ಒತ್ತಿ ಹಿಡಿದಿರುತ್ತದೆ. ಸಂದಿ ಇರುವುದು ಇನ್ನೊಂದು ಮಗ್ಗುಲಲ್ಲಿ, ಅಲ್ಲೇ ತುಕ್ಕು ತುಂಬಿಕೊಂಡಿರುತ್ತದೆ.

ಈ ಓಣಿಯಲ್ಲಿ ಎಣ್ಣೆಯನ್ನು ಎಳೆದೊಯ್ಯುವುದು ಲೋಮನಾಳ ಕ್ರಿಯೆ, ದೀಪದ ಬತ್ತಿ ಎಣ್ಣೆ ಹೀರುವ ಅದೇ ಭೌತಶಾಸ್ತ್ರ. ನಳಿಗೆ ಕಿರಿದಾದಷ್ಟೂ ದ್ರವ ಎತ್ತರಕ್ಕೆ ಏರುತ್ತದೆ ಎಂದು ಜೇಮ್ಸ್ ಜುರಿನ್ 1718ರಲ್ಲೇ ತೋರಿಸಿದ್ದ. ಐನ್‌ಸ್ಟೈನ್ 1901ರಲ್ಲಿ ಪ್ರಕಟಿಸಿದ ಮೊಟ್ಟಮೊದಲ ಸಂಶೋಧನಾ ಪ್ರಬಂಧವೂ ಈ ಲೋಮನಾಳದ ಬಗ್ಗೆಯೇ. ಸಾಪೇಕ್ಷತೆಯ ಗದ್ದಲದಲ್ಲಿ ಅದನ್ನು ಯಾರೂ ನೆನೆಯುವುದಿಲ್ಲ. ನಮಗೆ ಬೇಕಾದ ಪ್ರಶ್ನೆ ಎತ್ತರದ್ದಲ್ಲ, ವೇಗದ್ದು. ಅದಕ್ಕೆ ಉತ್ತರ ಕೊಟ್ಟವರು 1918ರಲ್ಲಿ ರಿಚರ್ಡ್ ಲ್ಯೂಕಸ್ ಮತ್ತು 1921ರಲ್ಲಿ ಅಮೆರಿಕದ ಎಡ್ವರ್ಡ್ ವಾಶ್‌ಬರ್ನ್. ದ್ರವ ಒಳಗೆ ಸಾಗುವ ದೂರ ಸಮಯದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಹೊತ್ತು, ಮೂರರಷ್ಟಕ್ಕೆ ಒಂಬತ್ತರಷ್ಟು. ಮೊದಲ ಐದು ಮಿಲಿಮೀಟರಿಗೆ ಹತ್ತು ನಿಮಿಷ ಹಿಡಿದರೆ ಹತ್ತನೇ ಮಿಲಿಮೀಟರು ಮುಟ್ಟುವಾಗ ನಲವತ್ತು ನಿಮಿಷ ಆಗಿರುತ್ತದೆ. ‘ಸಂಜೆ ಹಾಕಿ ಬೆಳಿಗ್ಗೆ ಬಿಚ್ಚು’ ಎಂದು ಹಳೆಯ ಮೆಕ್ಯಾನಿಕ್‌ಗಳು ಹೇಳುವುದರ ಹಿಂದಿನ ಗಣಿತ ಇಷ್ಟೇ.

ಅದೇ ಸೂತ್ರದಲ್ಲಿ ಸ್ನಿಗ್ಧತೆ, ಅಂದರೆ ದ್ರವದ ಮಂದತನ, ಛೇದದಲ್ಲಿದೆ: ಮಂದವಾದಷ್ಟೂ ನಿಧಾನ. ಸಂದಿಯೊಳಗೆ ಎಳೆದೊಯ್ಯುವ ಶಕ್ತಿಯಾದ ಮೇಲ್ಮೈ ಎಳೆತದಲ್ಲಿ ಎಣ್ಣೆ ಎಣ್ಣೆಗೆ ಹೇಳಿಕೊಳ್ಳುವಂಥ ಅಂತರವಿಲ್ಲ, ಹೆಚ್ಚಿನವು ಮೀಟರಿಗೆ 25ರಿಂದ 30 ಮಿಲಿನ್ಯೂಟನ್ ಒಳಗೇ ಇರುತ್ತವೆ. ಸ್ನಿಗ್ಧತೆಯಲ್ಲಿ ಮಾತ್ರ ಅಜಗಜಾಂತರ. ನಮ್ಮ ಹವೆಯಲ್ಲಿ 20ಡಬ್ಲ್ಯು-40 ಎಂಜಿನ್ ಆಯಿಲ್ ಸೀಮೆಎಣ್ಣೆಗಿಂತ ಸುಮಾರು ನೂರು ಪಟ್ಟು ಮಂದ. ಸೀಮೆಎಣ್ಣೆ ಒಂದು ನಿಮಿಷದಲ್ಲಿ ಹೋಗುವಷ್ಟು ದೂರಕ್ಕೆ ಎಂಜಿನ್ ಆಯಿಲ್ ಒಂದೂವರೆ ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಹರಳೆಣ್ಣೆ ಅದಕ್ಕಿಂತಲೂ ಮಂದ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆಯಾಗಿ ಅದು ಬಂಗಾರದಂಥ ವಸ್ತು, ಏಕೆಂದರೆ ಅಲ್ಲಿ ದಪ್ಪ ಪದರ ಬೇಕು. ಜಾಮ್ ಆದ ನಟ್ಟಿಗೆ ಅದನ್ನು ಹಾಕಿದರೆ ಹೊರಗೇ ಕೂರುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ; ಅದು 24 ಡಿಗ್ರಿ ಸುಮಾರಿಗೆ ಹೆಪ್ಪುಗಟ್ಟುವ ಎಣ್ಣೆ, ಮಲೆನಾಡಿನ ಚಳಿಯಲ್ಲಿ ನುಸುಳುವ ಮಾತೇ ಇಲ್ಲ.

ಹಾಗಾದರೆ ಬರೀ ಸೀಮೆಎಣ್ಣೆ ಸಾಕಲ್ಲವೇ? ಒಳಗೇನೋ ಹೋಗುತ್ತದೆ, ಆದರೆ ಜಾರಿಸುವ ಗುಣ ಕಡಿಮೆ, ನಿಧಾನಕ್ಕೆ ಆರಿಯೂ ಹೋಗುತ್ತದೆ. ಅದಕ್ಕೇ ಬೆರಕೆ: ತೆಳು ದ್ರವ ಹೊತ್ತೊಯ್ಯಬೇಕು, ದಪ್ಪ ಎಣ್ಣೆ ಒಳಗೆ ಉಳಿಯಬೇಕು. ಮೂರು ಪಾಲು ಸೀಮೆಎಣ್ಣೆಗೆ (ಸಿಗದಿದ್ದರೆ ಡೀಸೆಲ್) ಒಂದು ಪಾಲು ಎಟಿಎಫ್, ಅಂದರೆ ಪವರ್ ಸ್ಟಿಯರಿಂಗಿಗೆ ಹಾಕುವ ಕೆಂಪು ಎಣ್ಣೆ, ಅಥವಾ ಟು-ಸ್ಟ್ರೋಕ್ ಎಂಜಿನ್ನಿನ 2ಟಿ ಆಯಿಲ್. 100 ಮಿ.ಲೀ. ಮಾಡಿಟ್ಟರೆ ಮನೆ ಬಳಕೆಗೆ ವರ್ಷ ಸಾಕು. ಅಂತರ್ಜಾಲದಲ್ಲಿ ಹೆಸರಾಗಿರುವ ಅಸಿಟೋನ್-ಎಟಿಎಫ್ ಸಮಪಾಲು ಮಿಶ್ರಣ ಇನ್ನೂ ತೆಳು ಹೌದು. ಆದರೆ ಅವೆರಡೂ ಒಂದಕ್ಕೊಂದು ಸರಿಯಾಗಿ ಬೆರೆಯುವುದಿಲ್ಲ, ಪ್ರತಿ ಸಲ ಕುಲುಕಿಯೇ ಹಾಕಬೇಕು. ಅಸಿಟೋನಿನ ಆವಿ ಸೊನ್ನೆ ಡಿಗ್ರಿಗಿಂತ ಕೆಳಗೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಬಣ್ಣ ಮತ್ತು ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಅದರಿಂದ ಆಗುವ ಲಾಭ ಈ ತಾಪತ್ರಯಕ್ಕೆ ಸಾಟಿಯಲ್ಲ.

ಅಂಗಡಿಯಲ್ಲಿ ಸ್ಪ್ರೇ ಡಬ್ಬಿಯಾಗಿ ಸಿಗುವ ಡಬ್ಲ್ಯುಡಿ-40 ಬಗ್ಗೆ ಎರಡು ಮಾತು. 1953ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಹುಟ್ಟಿದ ಇದರ ಹೆಸರಿನರ್ಥ ‘ನೀರು ಹೊರದೂಡುವ ಸೂತ್ರ, ನಲವತ್ತನೇ ಪ್ರಯತ್ನ’ ಎಂದು. ಮೊದಲು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ತೆಳು ಹೊರಕವಚಕ್ಕೆ ತುಕ್ಕು ಬಾರದಂತೆ ಕಾಯಲು. ಅಂದರೆ ಹುಟ್ಟಿದ್ದೇ ನೀರು ಓಡಿಸಲು. ಜಾಮ್ ಬಿಡಿಸುವುದು ಆಮೇಲೆ ಅಂಟಿಕೊಂಡ ಖ್ಯಾತಿ. ಅದನ್ನು ಬಳಸಬಾರದು ಎಂದಲ್ಲ. ಬಾಗಿಲ ಕೀಲಿಗೆ, ಸೈಕಲ್ ಚೈನಿಗೆ ಅದೇ ಕಾಯಂ ಎಣ್ಣೆ ಎಂದುಕೊಂಡರೆ ದ್ರಾವಕ ಆರಿದ ಮೇಲೆ ಉಳಿಯುವ ತೆಳು ಪದರ ಬಹಳ ದಿನ ಬಾಳುವುದಿಲ್ಲ.

ನೀರಿನ ವಿಷಯ ಮಾತ್ರ ಗಂಭೀರ. ತುಕ್ಕು ರಂಧ್ರಮಯ, ನೀರನ್ನು ಹಿಡಿದಿಡುತ್ತದೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್, ಎಣ್ಣೆಯದರ ಎರಡೂವರೆ ಪಟ್ಟು. ಮೊದಲೇ ಒಳಗೆ ಕೂತ ನೀರನ್ನು ಸಾದಾ ಸೀಮೆಎಣ್ಣೆ ಎಬ್ಬಿಸಲಾರದು. ಮಳೆಗಾಲದಲ್ಲಿ ಮಂಗಳೂರು, ಕಾರವಾರದ ಕಡೆ ಗೇಟಿನ ತಿರುಗಣಿ, ಪಂಪಿಗೆ ಪೈಪು ಜೋಡಿಸುವ ಫ್ಲೇಂಜಿನ ಬೋಲ್ಟುಗಳಿಗೆ ಎಷ್ಟು ಎಣ್ಣೆ ಹೊಯ್ದರೂ ಕೆಲಸ ಆಗದಿರಲು ಇದೂ ಒಂದು ಕಾರಣ. ಮೊದಲು ಹಾಟ್ ಏರ್ ಗನ್ನಿನಿಂದಲೋ ಬಿಸಿಲಿನಲ್ಲಿಟ್ಟೋ ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ.

ಕ್ರಮ ಹೀಗೆ. ತಂತಿ ಬ್ರಶ್ಶಿನಿಂದ ಹೊರಗಿನ ತುಕ್ಕು, ಬಣ್ಣ ಎರಡನ್ನೂ ಕೆರೆದು ತೆಗೆಯಿರಿ. ಬಣ್ಣದ ಪದರ ಸಂದಿಯ ಬಾಯಿ ಮುಚ್ಚಿದ್ದರೆ ಎಣ್ಣೆಗೆ ದಾರಿಯೇ ಇಲ್ಲ. ನಟ್ಟಿನ ಎರಡೂ ಬದಿಗೆ ಕೆಲವು ಹನಿ ಹಾಕಿ. ಹೊಳೆಯಾಗಿ ಹರಿಸಿದರೆ ನೆಲ ಕೊಳೆಯಾಗುತ್ತದೆ ಅಷ್ಟೇ. ತಲೆಕೆಳಗಾದ ಬೋಲ್ಟಿಗೆ ಎಣ್ಣೆ ಮೇಲೇರುತ್ತದೆಯೇ ಎಂಬ ಚಿಂತೆ ಬೇಡ: ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಸಂದಿಯಲ್ಲಿ ಸೀಮೆಎಣ್ಣೆ ಲೆಕ್ಕದ ಪ್ರಕಾರ ಆರು ಮೀಟರಿಗೂ ಮೇಲೆ ಏರಬಲ್ಲದು. ಒಳಗೆ ಹೋಗುವ ಮುಂಚೆ ತೊಟ್ಟಿಕ್ಕಿ ಬಿದ್ದುಹೋಗದಂತೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿದರೆ ಸಾಕು. ಬಳಿಕ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹತ್ತಿಪ್ಪತ್ತು ಸಣ್ಣ ಪೆಟ್ಟು ಕೊಡಿ. ಪೆಟ್ಟಿಗೆ ತುಕ್ಕು ಬಿರುಕು ಬಿಡುತ್ತದೆ, ಆ ಬಿರುಕೇ ಹೊಸ ಲೋಮನಾಳ. ಎರಡು ಮೂರು ಗಂಟೆಗೊಮ್ಮೆ ಹನಿ ಮತ್ತು ಪೆಟ್ಟು, ರಾತ್ರಿ ಬಿಡಿ.

ಬಿಚ್ಚುವಾಗ ಆರು ಮೂಲೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್. ಬಾಯಿ ತೆರೆದ ಸ್ಪ್ಯಾನರ್ ಮೂಲೆ ತಿನ್ನುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ತುಕ್ಕಿನ ಹಿಡಿತ ಅಲ್ಲೇ ಮುರಿಯುತ್ತದೆ. ಕಾಲು ಸುತ್ತು ಹಿಂದೆ ಬಂದ ಮೇಲೆ ನೇರ ಬಿಚ್ಚಬೇಡಿ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮತ್ತೆ ಎಣ್ಣೆ. ಒಂದೇ ಸಮನೆ ತಿರುಗಿಸಿದರೆ ತುಕ್ಕಿನ ಪುಡಿ ಮುಂದಿನ ಸುತ್ತಿನಲ್ಲಿ ಗಟ್ಟಿಯಾಗಿ ತುಂಬಿ ಮತ್ತೆ ಹಿಡಿಯುತ್ತದೆ. ಬಿಡುತ್ತಿದ್ದ ನಟ್ಟು ಅರ್ಧದಲ್ಲಿ ನಿಂತು ಬೋಲ್ಟ್ ಮುರಿಯುವುದು ಹೆಚ್ಚಾಗಿ ಹೀಗೆಯೇ.

ಇಷ್ಟಕ್ಕೂ ಜಗ್ಗದಿದ್ದರೆ ಶಾಖ. ಎಣ್ಣೆ ಹಾಕಿದ್ದರೆ ಪೂರ್ತಿ ಒರೆಸಿ ಆವಿ ಹೋದ ಮೇಲೆಯೇ ಬೆಂಕಿ. ಕಾಯಿಸಬೇಕಾದ್ದು ನಟ್ಟನ್ನು, ಬೋಲ್ಟನ್ನಲ್ಲ. ಉಕ್ಕು ಒಂದು ಡಿಗ್ರಿಗೆ ತನ್ನ ಅಳತೆಯ ದಶಲಕ್ಷದಲ್ಲಿ 12 ಭಾಗ ಹಿಗ್ಗುತ್ತದೆ. ಬೋಲ್ಟಿಗಿಂತ 200 ಡಿಗ್ರಿ ಹೆಚ್ಚು ಬಿಸಿಯಾದ ಎಂ12 ನಟ್ಟು 0.03 ಮಿ.ಮೀ.ನಷ್ಟು ಸಡಿಲವಾಗುತ್ತದೆ. ತುಕ್ಕು ಚೂರಾಗಲು ಅಷ್ಟು ಸಾಕು. ಬೆಂಕಿ ತೆಗೆದು ಕೊಂಚ ಆರಿದ ಮೇಲೆ ಮೇಣದಬತ್ತಿಯನ್ನು ಸಂದಿಗೆ ಮುಟ್ಟಿಸುವುದು ಗ್ಯಾರೇಜಿನ ಹಳೆಯ ಉಪಾಯ, ಮಂತ್ರವೇನಲ್ಲ: 60 ಡಿಗ್ರಿ ಸುಮಾರಿಗೆ ಕರಗುವ ಮೇಣ 100 ಡಿಗ್ರಿಯಲ್ಲಿ ಡೀಸೆಲಿನಷ್ಟು ತೆಳುವಾಗಿ ಒಳಗೆ ಸರಿಯುತ್ತದೆ, ಆರಿದ ಮೇಲೆ ಜಾರುವ ಪದರವಾಗುತ್ತದೆ. ಕೆಂಪಗೆ ಕಾಯಿಸಿದ 8.8 ಅಥವಾ 10.9 ದರ್ಜೆಯ ಬೋಲ್ಟನ್ನು ಮಾತ್ರ ಮತ್ತೆ ಬಳಸಬೇಡಿ, ಅದರ ಹದ ಕೆಟ್ಟಿರುತ್ತದೆ. ಅಲ್ಯುಮಿನಿಯಂ ಎಂಜಿನ್ ಬ್ಲಾಕಿನಲ್ಲಿ ಸಿಕ್ಕ ಉಕ್ಕಿನ ಬೋಲ್ಟಿಗೆ ಶಾಖ ಇನ್ನೂ ಚೆನ್ನಾಗಿ ಒದಗುತ್ತದೆ, ಅಲ್ಯುಮಿನಿಯಂ ಉಕ್ಕಿನ ಎರಡು ಪಟ್ಟು ಹಿಗ್ಗುತ್ತದೆ.

ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನಲ್ಲಿ ಅರ್ಧಕ್ಕೇ ಸಿಕ್ಕಿಕೊಂಡರೆ ಅದು ಸಾಮಾನ್ಯವಾಗಿ ತುಕ್ಕಲ್ಲ. ಲೋಹ ಲೋಹಕ್ಕೆ ಬೆಸೆದುಕೊಂಡಿದೆ, ಎಣ್ಣೆಯಿಂದ ಪ್ರಯೋಜನವಿಲ್ಲ, ಕತ್ತರಿಸಿ. ಬ್ರೇಕಿನ ಹತ್ತಿರ ಸ್ಪ್ರೇ ಹೊಡೆಯಬೇಡಿ. ಲೈನರಿಗೆ ತಾಗಿದರೆ ಹಿಡಿತ ಹೋಗುತ್ತದೆ, ಖನಿಜ ತೈಲ ಬ್ರೇಕಿನ ರಬ್ಬರ್ ಸೀಲನ್ನು ಉಬ್ಬಿಸುತ್ತದೆ.

ಮತ್ತೆ ಜೋಡಿಸುವಾಗ ಥ್ರೆಡ್ಡಿಗೆ ತಾಮ್ರದ ಪುಡಿ ಬೆರೆತ ಆ್ಯಂಟಿ-ಸೀಜ್ ಗ್ರೀಸ್ ಹಚ್ಚಿದರೆ ಮುಂದಿನ ಸಲದ ಪಾಡು ತಪ್ಪುತ್ತದೆ. ಗ್ರೀಸ್ ಹಚ್ಚಿದ ಬೋಲ್ಟಿನಲ್ಲಿ ಘರ್ಷಣೆ ಕಡಿಮೆ. ಒಣ ಬೋಲ್ಟಿಗೆ ಹೇಳಿದ ಅಳತೆಗೇ ಬಿಗಿದರೆ ಅತಿಯಾಗುತ್ತದೆ, ಕಾಲುಭಾಗದಷ್ಟು ಇಳಿಸಿ. ಕಾರಿನ ಚಕ್ರದ ನಟ್ಟುಗಳಿಗೆ ಮಾತ್ರ ಇದನ್ನು ಹಚ್ಚಬೇಡಿ. ಅವುಗಳ ಬಿಗಿಯ ಅಳತೆಯನ್ನು ತಯಾರಕರು ಸಾಮಾನ್ಯವಾಗಿ ಒಣ ಥ್ರೆಡ್ಡಿಗೆಂದೇ ಕೊಟ್ಟಿರುತ್ತಾರೆ.