ಚೆನ್ನಾಗಿ ಆಡುವ ಹುಡುಗನನ್ನು ಕ್ಲಬ್ ಲೋನ್ ಮೇಲೆ ಕಳಿಸುವುದು ಯಾಕೆ?

ಪ್ರಶ್ನೆ: ನನ್ನ ಮೆಚ್ಚಿನ ಫುಟ್‌ಬಾಲ್ ಕ್ಲಬ್ 19 ವರ್ಷದ ಒಬ್ಬ ಸ್ಟ್ರೈಕರ್‌ನನ್ನು ಕೆಳಗಿನ ಲೀಗ್‌ನ ತಂಡಕ್ಕೆ ಲೋನ್ ಮೇಲೆ ಕೊಟ್ಟಿದೆ. ಅವನು ಇನ್ನು ಬೇಡ ಅಂತ ಅರ್ಥವಾ?

ಉತ್ತರ: ಬಹಳ ಸಲ ಅಲ್ಲ. ಲೋನ್ ಅಂದರೆ ಒಪ್ಪಂದ ಮೂಲ ಕ್ಲಬ್‌ನದೇ, ಆಟ ಮಾತ್ರ ಬೇರೆಯವರಿಗೆ. ಸಂಬಳವನ್ನು ಇಬ್ಬರೂ ಮಾತಾಡಿಕೊಂಡು ಹಂಚಿಕೊಳ್ಳುತ್ತಾರೆ. ನಡುವೆ ವಾಪಸ್ ಕರೆಸಿಕೊಳ್ಳುವ ಷರತ್ತೂ ಕೆಲವೊಮ್ಮೆ ಇರುತ್ತದೆ.

ಇಂಗ್ಲೆಂಡ್‌ನ ಹೆಸರಾಂತ ಸ್ಟ್ರೈಕರ್ ಹ್ಯಾರಿ ಕೇನ್ ಕತೆ ನೋಡಿ. ಎಳೆಯ ವಯಸ್ಸಿನಲ್ಲೇ ಆರ್ಸೆನಲ್ ಕ್ಲಬ್‌ನ ಅಕಾಡೆಮಿ, ಅಂದರೆ ಹುಡುಗರನ್ನು ತಯಾರು ಮಾಡುವ ವಿಭಾಗ, ಅವನನ್ನು ಕೈಬಿಟ್ಟಿತ್ತು. ಆಮೇಲೆ ಟಾಟನ್‌ಹ್ಯಾಮ್ ಕ್ಲಬ್ ಸೇರಿದ. 2011ರ ಜನವರಿಯಲ್ಲಿ, ಇನ್ನೂ 17 ವರ್ಷ, ಅವನನ್ನು ಇಂಗ್ಲೆಂಡ್‌ನ ಮೂರನೇ ಹಂತದ ಲೀಗ್‌ನಲ್ಲಿದ್ದ ಲೇಟನ್ ಓರಿಯೆಂಟ್‌ಗೆ ಲೋನ್ ಮೇಲೆ ಕಳಿಸಿದರು. 18 ಪಂದ್ಯ, 5 ಗೋಲು. ಸದ್ದು ಮಾಡುವಂಥ ಲೆಕ್ಕವೇನಲ್ಲ. ಆದರೆ ಅಕಾಡೆಮಿಯಲ್ಲಿ ಸಿಗದ ಒಂದು ವಿಷಯ ಅಲ್ಲಿ ಸಿಕ್ಕಿತು. ಮೈಮೇಲೆ ಬೀಳುವ, ಮೊಣಕೈ ತಾಗಿಸುವ, ಅಂಕಕ್ಕಾಗಿ ಜಗ್ಗಾಡುವ ಗಂಡಸರ ಜೊತೆ ವಾರವಾರವೂ ಆಟ.

ಮರುವರ್ಷ ಮಿಲ್‌ವಾಲ್ ಕ್ಲಬ್‌ಗೆ ಲೋನ್. ನನ್ನ ಪ್ರಕಾರ ಕೇನ್ ತಯಾರಾಗಿದ್ದೇ ಅಲ್ಲಿ. ಆ ತಂಡ ಎರಡನೇ ಹಂತದ ಚಾಂಪಿಯನ್‌ಶಿಪ್‌ನಿಂದ ಕೆಳಗೆ ಬೀಳುವ ಭಯದಲ್ಲಿತ್ತು. ಒಂದೊಂದು ಗೋಲಿಗೂ ಬೆಲೆ ಇತ್ತು. ಬೀಳುವ ಭಯವಿದ್ದಾಗ ‘ಹುಡುಗ ಕಲೀತಿದ್ದಾನೆ ಬಿಡಿ’ ಅಂತ ಯಾರೂ ಸುಮ್ನೆ ಇರುವುದಿಲ್ಲ. ಅವನು 27 ಪಂದ್ಯಗಳಲ್ಲಿ 9 ಗೋಲು ಹೊಡೆದ, ತಂಡ ಉಳಿಯಿತು, ಕ್ಲಬ್‌ನ ವರ್ಷದ ಯುವ ಆಟಗಾರ ಪ್ರಶಸ್ತಿಯೂ ಬಂತು.

ಮುಂದಿನದು ನಾರ್ವಿಚ್. ಇಂಗ್ಲೆಂಡ್‌ನ ಮೊದಲ ಹಂತವಾದ ಪ್ರೀಮಿಯರ್ ಲೀಗ್‌ನ ತಂಡ, ಅಂದರೆ ದೊಡ್ಡ ಮೆಟ್ಟಿಲೇ. ಆದರೆ ಪಾದದ ಮೂಳೆ ಮುರಿದು ತಿಂಗಳುಗಟ್ಟಲೆ ಹೊರಗುಳಿದ. ಆಡಿದ್ದು ಬರೀ 5 ಪಂದ್ಯ. 2013ರಲ್ಲಿ ಲೆಸ್ಟರ್‌ಗೆ ಹೋದಾಗಲೂ ಹೆಚ್ಚಾಗಿ ಬೆಂಚ್, ಎರಡೇ ಗೋಲು. ಆಗ ಅವನನ್ನು ನೋಡಿದವರು ‘ಇಷ್ಟೇ ಇವನ ಆಟ’ ಅಂದುಕೊಂಡಿದ್ದರೆ ತಪ್ಪು ಹೇಳಲಾಗದು.

ಹಾಗಾಗಿ ಲೋನ್ ಸುದ್ದಿ ಬಂದಾಗ ಲೀಗ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಬೇರೆ ವಿಷಯ ನೋಡಿ. ಆ ತಂಡಕ್ಕೆ ನಿಜವಾಗಿ ಸ್ಟ್ರೈಕರ್ ಬೇಕಿದೆಯಾ? ಅವನ ಜಾಗದಲ್ಲಿ ಆಗಲೇ ಎಷ್ಟು ಜನ ಇದ್ದಾರೆ? ಕೋಚ್ ಕೆಲಸ ಗಟ್ಟಿಯಾಗಿದೆಯಾ? ಇದು ಬಹಳ ಮುಖ್ಯ. ಕರೆಸಿಕೊಂಡ ಕೋಚ್ ನಡುವೆ ಹೊರಟರೆ, ಬೇರೆ ಕ್ಲಬ್‌ನ ಹುಡುಗನನ್ನು ಬೆಳೆಸುವ ಆಸೆ ಹೊಸಬನಿಗೆ ಇರಬೇಕೆಂದೇನಿಲ್ಲ, ಅಲ್ವಾ?

ಕ್ಲಬ್‌ಗಳು ಎಲ್ಲವನ್ನೂ ಹುಡುಗರ ಒಳಿತಿಗೇ ಮಾಡುತ್ತವೆ ಅಂತಲೂ ಅಲ್ಲ. ಆಟಗಾರರನ್ನು ರಾಶಿ ಹಾಕಿಕೊಂಡು, ಲೋನ್‌ನಿಂದ ಲೋನ್‌ಗೆ ಸುತ್ತಾಡಿಸಿ, ಬೆಲೆ ಬಂದಾಗ ಮಾರುವುದೂ ಉಂಟು. ಇದು ಅತಿಯಾದದ್ದಕ್ಕೇ ಫುಟ್‌ಬಾಲ್‌ನ ವಿಶ್ವ ಸಂಸ್ಥೆ ಫಿಫಾ 2022ರಲ್ಲಿ ಬೇರೆ ದೇಶದ ಕ್ಲಬ್‌ಗಳ ನಡುವಿನ ಲೋನ್‌ಗೆ ಮಿತಿ ಹಾಕಿತು. ಆದರೂ ಕ್ಲಬ್ ತಾನೇ ಬೆಳೆಸಿದ 21ರೊಳಗಿನ ಹುಡುಗರು ಆ ಲೆಕ್ಕಕ್ಕೆ ಸೇರುವುದಿಲ್ಲ.

ನಿಮ್ಮ ಸ್ಟ್ರೈಕರ್ ವಿಷಯಕ್ಕೆ ಬಂದರೆ, ಮೊದಲ ಎರಡು ತಿಂಗಳು ಗೋಲು ಎಣಿಸಬೇಡಿ. ಎಷ್ಟು ನಿಮಿಷ ಆಡಿದ ನೋಡಿ. ಲೆಸ್ಟರ್‌ನಿಂದ ವಾಪಸಾದ ಕೇನ್‌ಗೆ ಪ್ರೀಮಿಯರ್ ಲೀಗ್‌ನಲ್ಲಿ ಮೊದಲ ನಿಮಿಷದಿಂದ ಆಡುವ ಅವಕಾಶ ಸಿಕ್ಕಿದ್ದು 2014ರ ಏಪ್ರಿಲ್‌ನಲ್ಲಿ. ಸಂಡರ್‌ಲ್ಯಾಂಡ್ ವಿರುದ್ಧದ ಆ ಪಂದ್ಯದಲ್ಲೇ ಗೋಲು ಹೊಡೆದ. ಮುಂದಿನ ಸೀಸನ್‌ನಲ್ಲಿ ಎಲ್ಲ ಟೂರ್ನಿ ಸೇರಿ 31 ಗೋಲು.