ಟಿಎಸ್‌ಎಚ್ ನಾರ್ಮಲ್ ಬಂದಿದೆ, ಆದರೂ ಯಾಕಿಷ್ಟು ಸುಸ್ತು?

ಪ್ರಶ್ನೆ: ನನಗೆ 43 ವರ್ಷ. ತುಂಬಾ ವರ್ಷದಿಂದ ಥೈರಾಯ್ಡ್ ಕಡಿಮೆ ಇದೆ, ದಿನಾ 75 ಮೈಕ್ರೊಗ್ರಾಂ ಮಾತ್ರೆ ತಗೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಸೋರಿಯಾಟಿಕ್ ಆರ್ಥ್ರೈಟಿಸ್ ಅಂತಲೂ ಗೊತ್ತಾಯಿತು. ಈ ಸಲ ಟಿಎಸ್‌ಎಚ್ 2.6 ಬಂದಿದೆ, ನಾರ್ಮಲ್ ಅಂದರು. ಆದರೆ ಬೆಳಿಗ್ಗೆ ಏಳುವಾಗಲೇ ನನಗೆ ಸುಸ್ತು. ಮಾತ್ರೆಯನ್ನು 100ಕ್ಕೆ ಏರಿಸಿಕೊಂಡರೆ ಸರಿಹೋಗುತ್ತದಾ?

ಈ ಎರಡೂ ಕಾಯಿಲೆ ಇರುವವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಾನೂ ಕೇಳಿದ್ದೆ. ನನಗೂ ಎರಡೂ ಇವೆ. ಎಂಟು ಗಂಟೆ ಮಲಗಿ ಎದ್ದರೂ ಮೈ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ ಹಾಗಿರುವ ಆ ಸುಸ್ತು ನನಗೆ ಚೆನ್ನಾಗಿ ಗೊತ್ತು. ನಾನು ಡಾಕ್ಟರ್ ಅಲ್ಲ. ಹನ್ನೊಂದು ವರ್ಷ ಇವುಗಳ ಜೊತೆ ಬದುಕುತ್ತಾ, ಓದುತ್ತಾ, ಡಾಕ್ಟರನ್ನು ಕೇಳುತ್ತಾ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮೊದಲು ಉತ್ತರ. ದಯವಿಟ್ಟು ನೀವಾಗಿಯೇ 100ಕ್ಕೆ ಏರಿಸಿಕೊಳ್ಳಬೇಡಿ. ಆ 2.6 ನಿಜವಾದ ಸಂಖ್ಯೆಯೇ ಆಗಿದ್ದರೆ ನಿಮ್ಮ ಸುಸ್ತು ಥೈರಾಯ್ಡಿನಿಂದ ಬರುತ್ತಿಲ್ಲ, ಬೇರೆ ಕಡೆಯಿಂದ ಬರುತ್ತಿದೆ ಅನ್ನುವ ಸಾಧ್ಯತೆಯೇ ಜಾಸ್ತಿ. 'ನಿಜವಾದ ಸಂಖ್ಯೆಯೇ ಆಗಿದ್ದರೆ' ಅಂತ ಯಾಕೆ ಹೇಳಿದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಕತ್ತಿನಲ್ಲಿರುವ ಥೈರಾಯ್ಡಿಗೆ ಕಳಿಸುವ ತಾಕೀತು ಅದು. ರಕ್ತದಲ್ಲಿ ಹಾರ್ಮೋನು ಸಾಲದೇ ಹೋದರೆ ತಾಕೀತು ಜೋರಾಗುತ್ತದೆ, ಟಿಎಸ್‌ಎಚ್ ಏರುತ್ತದೆ. ಜಾಸ್ತಿಯಾದರೆ ಇಳಿಯುತ್ತದೆ. ಸಾಮಾನ್ಯವಾಗಿ ಲ್ಯಾಬ್‌ನವರು 0.4ರಿಂದ 4.5ರ ಆಸುಪಾಸನ್ನು ನಾರ್ಮಲ್ ಅಂತ ಬರೆಯುತ್ತಾರೆ. 2.6 ಅಂದರೆ ನಿಮ್ಮ ಪಿಟ್ಯುಟರಿಗೆ ಸಮಾಧಾನವಾಗಿದೆ ಅಂತ ಅರ್ಥ. ಅದರ ಮೇಲೆ ಸುಮ್ನೆ ಇನ್ನಷ್ಟು ಹಾರ್ಮೋನು ಸುರಿದರೆ ಮೊದಲ ಕೆಲವು ವಾರ ಚುರುಕಾದ ಹಾಗೆ ಅನಿಸಬಹುದು. ಆಮೇಲೆ ಎದೆ ಹೊಡೆದುಕೊಳ್ಳುವುದು, ಕೈ ನಡುಕ, ನಿದ್ದೆ ಬಾರದಿರುವುದು ಶುರುವಾಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಮೂಳೆ ಸವೆಯಬಹುದು, ಹೃದಯದ ಬಡಿತದ ತಾಳ ತಪ್ಪಬಹುದು. ಕೀಲು ನೋಯುವವರಿಗೆ ಮೂಳೆಯ ತೊಂದರೆಯೂ ಸೇರಿದರೆ ಹೇಗಿರುತ್ತದೆ ಹೇಳಿ.

ಹಾಗಾದರೆ ಸುಸ್ತು ಎಲ್ಲಿಂದ ಬಂತು? ನಾನಾದರೆ ಮೊದಲು ಕೀಲುಗಳನ್ನು ಅನುಮಾನಿಸುತ್ತೇನೆ.

ನಮ್ಮಲ್ಲಿ ಕೀಲುನೋವು ಅಂದರೆ ವಯಸ್ಸಾಯಿತು, ಮಂಡಿ ಸವೆಯಿತು ಅಂತ ಅಂದುಕೊಳ್ಳುವವರೇ ಜಾಸ್ತಿ. ಸೋರಿಯಾಟಿಕ್ ಆರ್ಥ್ರೈಟಿಸ್ ಆ ನೋವಲ್ಲ. ಮೈಯ ರಕ್ಷಣೆಗೆ ಇರುವ ವ್ಯವಸ್ಥೆಯೇ ದಾರಿ ತಪ್ಪಿ ಕೀಲುಗಳಲ್ಲಿ, ಸ್ನಾಯು ಮೂಳೆಗೆ ಅಂಟಿಕೊಳ್ಳುವ ಜಾಗಗಳಲ್ಲಿ ಉರಿಯೂತ ಎಬ್ಬಿಸುತ್ತದೆ. ಫ್ಲೂ ಜ್ವರ ಬಂದಾಗ ಮೈಯೆಲ್ಲಾ ಸೋತು ಹೋಗುತ್ತದಲ್ವಾ? ಆಗ ಮೈಯಲ್ಲಿ ಓಡಾಡುವ ರಾಸಾಯನಿಕಗಳಂಥವೇ ಇಲ್ಲೂ ದಿನವಿಡೀ ಓಡಾಡುತ್ತಿರುತ್ತವೆ. ಜ್ವರ ಮಾತ್ರ ಕಾಣುವುದಿಲ್ಲ. ಅದಕ್ಕೇ ಮನೆಯವರಿಗೆ ನಮ್ಮ ಸುಸ್ತು ನಂಬಲು ಕಷ್ಟ.

ಚರ್ಮದ ಮೇಲೆ ಪೊರೆ ಏಳುವ ಸೋರಿಯಾಸಿಸ್ ಇರುವ ನೂರು ಮಂದಿಯಲ್ಲಿ 30 ಮಂದಿಯವರೆಗೂ ಈ ಕೀಲುಬಾಧೆ ಬರಬಹುದು ಅನ್ನುವ ಅಂದಾಜಿದೆ. ಹೆಚ್ಚಿನವರಿಗೆ ಮೊದಲು ಚರ್ಮ, ಎಷ್ಟೋ ವರ್ಷದ ನಂತರ ಕೀಲು. ನನಗೂ ಹಾಗೇ ಆಯಿತು. ಮೊದಲು ಮೊಣಕೈ ಮೇಲೆ, ಕಿವಿಯ ಹಿಂದೆ ಒಣಗಿದ ಪೊರೆ. ತಲೆಹೊಟ್ಟು ಅಂದುಕೊಂಡು ಸುಮ್ಮನಿದ್ದೆ. ಒಂದು ದಿನ ಬೆಳಿಗ್ಗೆ ಕಾಲಿನ ಎರಡನೇ ಬೆರಳು ಬುಡದಿಂದ ತುದಿಯವರೆಗೆ ಒಂದೇ ಸಮ ಊದಿಕೊಂಡು ತೊಂಡೆಕಾಯಿಯ ಹಾಗಾಗಿತ್ತು. ಕಾಲುಂಗುರ ಒಳಗೆ ಹೂತು ಹೋಗಿತ್ತು. ಸೋಪು ಹಚ್ಚಿದರೂ ಬರಲಿಲ್ಲ, ಎಣ್ಣೆ ಹಚ್ಚಿದರೂ ಬರಲಿಲ್ಲ. ಕೊನೆಗೆ ನಮ್ಮ ಬೀದಿಯ ಅಕ್ಕಸಾಲಿಗರು ಉಂಗುರದ ಕೆಳಗೆ ತೆಳು ತಗಡು ತೂರಿಸಿ ಕತ್ತರಿಸಿದರು. ಕಲ್ಲಿಗೆ ಎಡವಿರಬೇಕು ಅಂದರು ಅತ್ತೆ. ಎಡವಿರಲಿಲ್ಲ. ಬೆರಳು ಹೀಗೆ ಇಡಿಯಾಗಿ ಊದುವುದು ಈ ಕಾಯಿಲೆಯ ದೊಡ್ಡ ಗುರುತು ಅಂತ ಆಮೇಲೆ ಗೊತ್ತಾಯಿತು. ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗುಳಿ ಬೀಳುವುದು, ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಜೀವ ಹೋಗುವಂಥ ನೋವು, ಇವೂ ಅದರ ಗುರುತುಗಳೇ.

ಇಲ್ಲಿ ಒಂದು ಮುಖ್ಯ ವಿಷಯ. ಥೈರಾಯ್ಡಿಗೆ ಟಿಎಸ್‌ಎಚ್ ಇರುವ ಹಾಗೆ ಈ ಕೀಲುಬಾಧೆಗೆ ಒಂದೇ ಒಂದು ನಂಬಬಹುದಾದ ರಕ್ತಪರೀಕ್ಷೆ ಇಲ್ಲ. ಇನ್ನೊಂದು ಕೀಲುವಾತವಾದ ರುಮಟಾಯ್ಡ್ ಆರ್ಥ್ರೈಟಿಸ್‌ಗೆ ನೋಡುವ ಆರ್‌ಎ ಫ್ಯಾಕ್ಟರ್ ಸಾಮಾನ್ಯವಾಗಿ ನೆಗೆಟಿವ್ ಇರುತ್ತದೆ. ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ಕೂಡ ಎಷ್ಟೋ ಜನರಲ್ಲಿ ನಾರ್ಮಲ್ ಬರುತ್ತವೆ, ಬೆರಳು ಊದಿರುವಾಗಲೂ! ಹಾಗಾಗಿ ರಿಪೋರ್ಟ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಕಾಯಿಲೆ ಸುಮ್ಮನಿದೆ ಅಂತಲ್ಲ. ಅದನ್ನು ತಿಳಿಯಲು ಡಾಕ್ಟರ್ ಕೈಯಿಂದ ಮುಟ್ಟಿ ನೋಡಬೇಕು. ಮತ್ತೆ ನೀವು ನಿಮ್ಮ ಬೆಳಗನ್ನು ಗಮನಿಸಬೇಕು.

ಬೆಳಗು ಅಂದೆನಲ್ಲ, ಸುಸ್ತಿನ ಮೂಲ ಹುಡುಕಲು ನನಗೆ ಎಲ್ಲಕ್ಕಿಂತ ಸಹಾಯ ಮಾಡಿದ್ದು ಅದೇ. ಉರಿಯೂತದ ಸುಸ್ತು ಬೆಳಿಗ್ಗೆ ಬಿಗಿತದ ಜೊತೆಗೇ ಏಳುತ್ತದೆ. ಬೆರಳು ಮಡಚಲು ಆಗುವುದಿಲ್ಲ, ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತೆರೆಯಲು ಆಗುವುದಿಲ್ಲ. ಅರ್ಧ ಗಂಟೆ, ಒಂದು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಹಾಗೇ ಇರುತ್ತದೆ. ಬಿಸಿನೀರಲ್ಲಿ ಕೈ ಅದ್ದಿ, ಅತ್ತಿತ್ತ ಓಡಾಡಿದ ಮೇಲೆ ಸಡಿಲವಾಗುತ್ತದೆ. ಕೂತರೆ ಮತ್ತೆ ಹಿಡಿದುಕೊಳ್ಳುತ್ತದೆ. ಇದಕ್ಕೆ ಏರಿಳಿತ ಇದೆ. ಒಂದು ವಾರ ಕೆಟ್ಟದಾಗಿದ್ದು ಮುಂದಿನ ವಾರ ಪರವಾಗಿಲ್ಲ ಅನಿಸಬಹುದು.

ಥೈರಾಯ್ಡಿನ ಸುಸ್ತಿಗೆ ಆ ಏರಿಳಿತ ಇಲ್ಲ. ಅದು ವಾರಗಟ್ಟಲೆ ಒಂದೇ ಸಮ ಎಳೆಯುತ್ತದೆ. ಚಳಿ ತಡೆಯಲಾಗುವುದಿಲ್ಲ, ಮಲಬದ್ಧತೆ, ಮುಖ ಊದಿಕೊಂಡ ಹಾಗೆ, ದನಿ ಗೊಗ್ಗರು, ಯೋಚನೆಯೂ ನಿಧಾನ. ಒಂದು ಗೊಂದಲ ಏನೆಂದರೆ ಥೈರಾಯ್ಡ್ ಕಡಿಮೆಯಾದರೂ ಮೈಕೈ ನೋಯುತ್ತದೆ, ಸ್ನಾಯು ಹಿಡಿಯುತ್ತದೆ, ಚರ್ಮ ಒಣಗುತ್ತದೆ, ಕೈ ಜೋಮು ಹಿಡಿಯುತ್ತದೆ. ಆದರೆ ಬೆರಳನ್ನು ತೊಂಡೆಕಾಯಿ ಮಾಡುವುದಿಲ್ಲ, ಉಗುರಿನಲ್ಲಿ ಗುಳಿ ಬೀಳಿಸುವುದಿಲ್ಲ.

ಇನ್ನೂ ಎರಡು ಸುಸ್ತುಗಳಿವೆ. ಈ ಕೀಲುಬಾಧೆಗೆ ಕೊಡುವ ಮೆಥೋಟ್ರೆಕ್ಸೇಟ್ ಅನ್ನುವ ಔಷಧಿ ತಗೊಳ್ಳುವವರಿಗೆ ಮಾತ್ರೆ ನುಂಗಿದ ಮಾರನೇ ದಿನ ವಾಕರಿಕೆ, ತಲೆ ಭಾರ, ಮಲಗಿಯೇ ಇರೋಣ ಅನಿಸುವುದು. ವಾರಕ್ಕೊಮ್ಮೆ ಅದೇ ದಿನ ಬರುತ್ತಿದ್ದರೆ ಅದರದೇ ಕೆಲಸ. ಇದನ್ನು ಡಾಕ್ಟರಿಗೆ ಹೇಳಿದರೆ ಫೋಲಿಕ್ ಆಸಿಡ್ ಹೊಂದಿಸಿಯೋ, ಮಾತ್ರೆಯ ಬದಲು ಇಂಜೆಕ್ಷನ್ ಕೊಟ್ಟೋ ನೋಡುತ್ತಾರೆ. ಎರಡನೆಯದು ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ ಹಿಮೋಗ್ಲೋಬಿನ್, ಕಬ್ಬಿಣದ ಅಂಶ, ಬಿ12 ನೋಡಿಸಿ. ಹೆಂಗಸರಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಇದನ್ನು ನೋಡದೆ ಥೈರಾಯ್ಡ್ ಮಾತ್ರೆಗೆ ಕೈ ಹಾಕುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಈಗ ಆ 2.6ರ ವಿಷಯ. ನೀವು ಕೂದಲು ಉದುರುತ್ತದೆ, ಉಗುರು ಒಡೆಯುತ್ತದೆ ಅಂತ ಬಯೋಟಿನ್ (ಒಂದು ಬಿ ವಿಟಮಿನ್) ಇರುವ ಮಾತ್ರೆ ತಿನ್ನುತ್ತಿದ್ದೀರಾ? ಥೈರಾಯ್ಡಿನಿಂದ ಕೂದಲು ಉದುರುತ್ತದೆ, ಸೋರಿಯಾಸಿಸ್‌ನಿಂದ ಉಗುರು ಕೆಡುತ್ತದೆ. ಅಂದರೆ ಎರಡೂ ಇರುವ ನಮ್ಮಂಥವರೇ ಅದನ್ನು ಕೊಳ್ಳುವುದು. ಬಯೋಟಿನ್ ಥೈರಾಯ್ಡ್ ಗ್ರಂಥಿಯನ್ನು ಏನೂ ಮಾಡುವುದಿಲ್ಲ. ಆದರೆ ಎಷ್ಟೋ ಲ್ಯಾಬ್‌ಗಳು ಬಳಸುವ ಪರೀಕ್ಷೆಯ ವಿಧಾನದಲ್ಲೇ ಬಯೋಟಿನ್ ಇರುವುದರಿಂದ, ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬಯೋಟಿನ್ ತಿನ್ನುತ್ತಿದ್ದಾಗ ನನಗೆ ಒಮ್ಮೆ ಟಿಎಸ್‌ಎಚ್ 0.3 ಬಂದು ಥೈರಾಯ್ಡ್ ಮಾತ್ರೆ ಇಳಿಸಿದರು. ರಕ್ತ ತೆಗೆದವರು ಕೇಳಲಿಲ್ಲ, ನನಗೂ ಹೇಳಬೇಕು ಅಂತ ಗೊತ್ತಿರಲಿಲ್ಲ. ಎರಡು ತಿಂಗಳು ಹಾಸಿಗೆ ಹಿಡಿದ ಹಾಗಿದ್ದೆ. ಬಯೋಟಿನ್ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿದಾಗ 11 ಇತ್ತು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಬಯೋಟಿನ್ ನಿಲ್ಲಿಸಿ. ತುಂಬಾ ಜಾಸ್ತಿ ಡೋಸ್ ತಗೊಳ್ಳುತ್ತಿದ್ದರೆ ಇನ್ನೂ ಮೊದಲೇ ನಿಲ್ಲಿಸಬೇಕಾಗಬಹುದು, ಕೇಳಿಕೊಳ್ಳಿ.

ಸಂಖ್ಯೆ ಸರಿಯಿದೆ ಅಂತ ಖಾತ್ರಿಯಾದರೆ ಮುಂದಿನದು ನಿಮ್ಮ ಬೆಳಗಿನ ಮಾತ್ರೆಗಳ ಸಾಲು. ಎರಡೂ ಕಾಯಿಲೆ ಇರುವವರ ಮನೆಯಲ್ಲಿ ಇದೊಂದು ದೊಡ್ಡ ಗೋಜಲು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ. ನೋವಿನ ಮಾತ್ರೆಯ ಜೊತೆ ಕೊಡುವ ಪ್ಯಾಂಟೊಪ್ರಜೋಲ್ ಕೂಡ ಖಾಲಿ ಹೊಟ್ಟೆಗೆ. ಮೂಳೆಗೆ ಕ್ಯಾಲ್ಸಿಯಂ, ರಕ್ತಕ್ಕೆ ಕಬ್ಬಿಣ. ಎಲ್ಲವನ್ನೂ ಒಟ್ಟಿಗೆ ಅಂಗೈಗೆ ಹಾಕಿಕೊಂಡು ಒಂದೇ ಗುಟುಕಿಗೆ ನುಂಗುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಕ್ಯಾಲ್ಸಿಯಂ, ಕಬ್ಬಿಣ ಎರಡೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದು ನಿಲ್ಲಿಸಿಬಿಡುತ್ತವೆ. ಅವಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ. ಪ್ಯಾಂಟೊಪ್ರಜೋಲ್ ಕತೆ ಬೇರೆ. ಅದು ಹೊಟ್ಟೆಯ ಆಮ್ಲವನ್ನೇ ಕಡಿಮೆ ಮಾಡುತ್ತದೆ, ಆಮ್ಲ ಕಡಿಮೆಯಾದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಕರಗುವುದಿಲ್ಲ. ಅಂತರ ಬಿಟ್ಟರೂ ಪೂರ್ತಿ ಪರಿಹಾರವಾಗದು. ಅದನ್ನು ತಿಂಗಳುಗಟ್ಟಲೆ ತಗೊಳ್ಳಲು ಶುರು ಮಾಡಿದಾಗ, ನಿಲ್ಲಿಸಿದಾಗ ಟಿಎಸ್‌ಎಚ್ ಮತ್ತೆ ನೋಡಿಸಬೇಕು. ಡೋಸ್ ಯಾವಾಗ ಬದಲಾಯಿಸಿದರೂ ಆರರಿಂದ ಎಂಟು ವಾರ ಕಾದೇ ನೋಡಬೇಕು. ಈ ಹಾರ್ಮೋನು ಅರ್ಧದಷ್ಟು ಖಾಲಿಯಾಗಲೇ ಸುಮಾರು ಒಂದು ವಾರ ಬೇಕು, ಹಾಗಾಗಿ ಬೇಗ ನೋಡಿ ಪ್ರಯೋಜನವಿಲ್ಲ.

ಕಾಫಿ? ಗೊತ್ತು, ನಮಗೆ ಕಷ್ಟ. ಮಾತ್ರೆ ನುಂಗಿ ಅರ್ಧ ಗಂಟೆಯಾದರೂ, ಸಾಧ್ಯವಾದರೆ ಒಂದು ಗಂಟೆ, ಕಾಯಿರಿ. ಹಾಲು, ಕ್ಯಾಲ್ಸಿಯಂ ಜಾಸ್ತಿ ಇರುವ ರಾಗಿ ಅಂಬಲಿಗೂ ಅದೇ ಮಾತು. ಅಂಬಲಿ ಬಿಡಬೇಕಿಲ್ಲ, ತಡವಾಗಿ ಕುಡಿದರೆ ಸಾಕು. ಬೆಳಿಗ್ಗೆ ಆಗುವುದೇ ಇಲ್ಲ ಅನ್ನುವವರು ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ, ಮಲಗುವಾಗ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಅದೂ ಚೆನ್ನಾಗಿ ಕೆಲಸ ಮಾಡುತ್ತದೆ. ಎಲೆಕೋಸು, ಹೂಕೋಸು ಮುಟ್ಟಲೇಬಾರದು ಅನ್ನುವುದನ್ನು ಮಾತ್ರ ತಲೆಗೆ ಹಚ್ಚಿಕೊಳ್ಳಬೇಡಿ. ಬೇಯಿಸಿ ಮಿತವಾಗಿ ತಿಂದರೆ ಏನೂ ಆಗುವುದಿಲ್ಲ.

ಮೆಥೋಟ್ರೆಕ್ಸೇಟ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇದು ವಾರಕ್ಕೆ ಒಂದೇ ದಿನ. ಥೈರಾಯ್ಡ್ ಮಾತ್ರೆ ದಿನಾ. ಒಂದೇ ಮನೆಯಲ್ಲಿ, ಒಂದೇ ಡಬ್ಬಿಯಲ್ಲಿ ಎರಡೂ ಇದ್ದಾಗ ಅದಲುಬದಲಾದರೆ ಜೀವಕ್ಕೇ ಅಪಾಯ. ಮೆಥೋಟ್ರೆಕ್ಸೇಟ್ ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣಗಳು ಕುಸಿಯುತ್ತವೆ. ನಾನು ಸ್ಟ್ರಿಪ್ ಮೇಲೆ ಕೆಂಪು ಪೆನ್ನಿನಲ್ಲಿ 'ಭಾನುವಾರ ಮಾತ್ರ' ಅಂತ ಬರೆದು ಬೇರೆ ಕಪಾಟಿನಲ್ಲಿ ಇಡುತ್ತೇನೆ. ಇದು ಕ್ಯಾನ್ಸರ್ ಮಾತ್ರೆಯಂತೆ ಅಂತ ಹೆದರಿ ಬಿಡುವವರೂ ಇದ್ದಾರೆ. ಕ್ಯಾನ್ಸರಿಗೆ ಬಳಸುವುದು ನಿಜ. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಇದನ್ನೂ ಇದರ ಅಣ್ಣನಂಥ ಅಮಿನಾಪ್ಟೆರಿನ್ ಅನ್ನೂ ತಯಾರಿಸಿದ್ದು, ಮಕ್ಕಳ ರಕ್ತದ ಕ್ಯಾನ್ಸರಿಗೆ ಮೊದಲು ಕೊಟ್ಟಿದ್ದು ಅಮಿನಾಪ್ಟೆರಿನ್. 1951ರಲ್ಲಿ ಕೀಲುನೋವಿಗೆ ಅಮಿನಾಪ್ಟೆರಿನ್ ಕೊಟ್ಟಾಗ ಸೋರಿಯಾಸಿಸ್ ಕಲೆಗಳೂ ತಿಳಿಯಾದದ್ದು ಕಂಡುಬಂತು. ನಮಗೆ ಕೊಡುವ ಪ್ರಮಾಣ ಕ್ಯಾನ್ಸರಿಗೆ ಕೊಡುವುದಕ್ಕಿಂತ ತುಂಬಾ ಕಡಿಮೆ. ಹೇಳಿದಾಗ ಲಿವರ್, ರಕ್ತದ ಪರೀಕ್ಷೆ ಮಾಡಿಸಿ, ಮದ್ಯ ಬಿಟ್ಟುಬಿಡಿ. ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ಹೇಳಬೇಕು, ಇದನ್ನು ಆಗ ತಗೊಳ್ಳುವಂತಿಲ್ಲ. ಥೈರಾಯ್ಡ್ ಮಾತ್ರೆಯನ್ನು ಮಾತ್ರ ಆಗಲೂ ಬಿಡಬಾರದು.

ಒಬ್ಬರಿಗೇ ಎರಡೂ ಯಾಕೆ ಬಂತು ಅನ್ನುವ ಕೊರಗು ನಿಮಗೂ ಇರಬಹುದು. ಅಯೋಡಿನ್ ಉಪ್ಪು ತಿನ್ನುವವರಲ್ಲಿ ಥೈರಾಯ್ಡ್ ಕಡಿಮೆಯಾಗಲು ಮುಖ್ಯ ಕಾರಣ ಹಶಿಮೊಟೊ ಕಾಯಿಲೆ. ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ಅದನ್ನು ಬಣ್ಣಿಸಿದರು. ಅಲ್ಲೂ ಮೈಯ ರಕ್ಷಣಾ ವ್ಯವಸ್ಥೆ ಸ್ವಂತ ಗ್ರಂಥಿಯ ಮೇಲೇ ಬೀಳುತ್ತದೆ. ಸೋರಿಯಾಟಿಕ್ ಆರ್ಥ್ರೈಟಿಸ್ ಇರುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಥೈರಾಯ್ಡ್ ತೊಂದರೆ ಜಾಸ್ತಿ ಕಂಡುಬರುತ್ತದೆ. ಆದರೆ ಒಂದು ಇನ್ನೊಂದನ್ನು ತರುತ್ತದೆ ಅಂತಲ್ಲ. ನೀವು ತಿಂದ ಯಾವುದರಿಂದಲೂ, ಮಾಡಿದ ಯಾವುದರಿಂದಲೂ ಬಂದದ್ದಲ್ಲ.

ಸುಸ್ತು ತಡೆಯಲಾರದೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ ತಿನ್ನಬೇಡಿ. ಎರಡೇ ದಿನದಲ್ಲಿ ಜಾದೂ ಮಾಡುವ ಪುಡಿಯಲ್ಲಿ ಸ್ಟೀರಾಯ್ಡ್ ಇರಬಹುದು. ಅದನ್ನು ತಟ್ಟನೆ ನಿಲ್ಲಿಸಿದರೆ ಸೋರಿಯಾಸಿಸ್ ಮೈಯೆಲ್ಲಾ ಏಳಬಹುದು.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವ ಮೊದಲು ಎರಡು ವಾರ ಕ್ಯಾಲೆಂಡರಿನಲ್ಲಿ ದಿನಾ ಒಂದೇ ಒಂದು ಸಂಖ್ಯೆ ಬರೆಯಿರಿ: ಇವತ್ತು ಬೆಳಿಗ್ಗೆ ಕೈ ಸಡಿಲವಾಗಲು ಎಷ್ಟು ನಿಮಿಷ ಬೇಕಾಯಿತು. ಮೆಥೋಟ್ರೆಕ್ಸೇಟ್ ತಗೊಂಡ ದಿನಕ್ಕೆ ಒಂದು ಗುಂಡು ಹಾಕಿ. ಆ ಸಂಖ್ಯೆ ದಿನಾ 40, 50, 60 ಇದ್ದರೆ ಥೈರಾಯ್ಡ್ ಡಾಕ್ಟರ್ ಬದಲು ಮೊದಲು ರುಮಟಾಲಜಿಸ್ಟ್ (ಕೀಲುವಾತದ ಡಾಕ್ಟರ್) ಹತ್ತಿರ ಹೋಗಿ, ಕೀಲಿನ ಔಷಧಿ ಸಾಲುತ್ತಿದೆಯಾ ಅಂತ ಕೇಳಿ. ಹೋಗುವಾಗ ಚಪ್ಪಲಿ ಸುಲಭವಾಗಿ ಬಿಚ್ಚುವಂಥದ್ದಿರಲಿ, ಹಿಮ್ಮಡಿ, ಕಾಲ್ಬೆರಳು ತೋರಿಸಬೇಕು. ನೇಲ್ ಪಾಲಿಶ್ ಅಳಿಸಿಕೊಂಡು ಹೋಗಿ. ಅವರು ಉಗುರು ನೋಡಬೇಕು.